ನಾಲ್ಕನೆಯ ಸೀಲು

ಮೂರನೆಯ ಸಲವೂ ಅದೇ ಚಕ್ರ. ಹಿಂದಿನ ಎಡಗಡೆಯದು.

ಗ್ರೀಸಕ್ಕ ಲಾರಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಟೈರಿನ ಒಳಮೈಗೆ ಬೆರಳಾಡಿಸಿದಳು. ಬೆರಳು ಕಪ್ಪಗೆ ಹೊಳೆಯಿತು. ಮೂಗಿನ ಹತ್ತಿರ ಹಿಡಿದಳು. ಕೊಳೆತ ಮೊಟ್ಟೆಯಂಥ ವಾಸನೆ. ಗೇರ್ ಆಯಿಲ್, ಅನುಮಾನವೇ ಇಲ್ಲ. ಬ್ರೇಕ್ ಡ್ರಮ್ಮಿನ ಅಂಚಿನಿಂದ ಹೊರಟು, ಟೈರಿನ ಒಳಬದಿಯಲ್ಲಿ ಯಾರೋ ಕುಂಚ ಕೊಡವಿದ ಹಾಗೆ ಗೆರೆಗೆರೆಯಾಗಿ ಚಿಮ್ಮಿತ್ತು. ಹೊರಗಡೆ, ನಟ್ಟುಗಳಿರುವ ಕಡೆ, ಒಂದು ತೊಟ್ಟೂ ಇಲ್ಲ. ಧೂಳು ಧೂಳಾಗಿಯೇ ಕೂತಿತ್ತು. ಅಂದರೆ ಸೋರುತ್ತಿರುವುದು ಎಣ್ಣೆ ಹೊರಬರದಂತೆ ತಡೆಯುವ ಒಳಗಿನ ರಬ್ಬರ್ ಬಳೆ, ಹಬ್ ಸೀಲೇ. ಹದಿನಾಲ್ಕು ದಿನದ ಹಿಂದೆ ಅವಳೇ ಕೈಯಾರೆ ಕೂರಿಸಿದ ಸೀಲು.

"ಮತ್ತೆ ಅಳ್ತಾ ಇದಾಳಾ ನಮ್ಮಜ್ಜಿ?" ಎಂದು ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ ಡ್ರೈವರ್ ಅವಳ ಸ್ವಂತ ತಮ್ಮ. ಜಲ್ಲಿ, ಇಟ್ಟಿಗೆ ಹೊರುವ ಆ ಶೆಡ್ಡಿನಲ್ಲಿ ನಾಲ್ಕು ಲಾರಿಗಳಿದ್ದವು. ಎಲ್ಲಕ್ಕಿಂತ ಹಳೆಯದಕ್ಕೆ ಅಜ್ಜಿ ಎಂದು ಹೆಸರು. ಅಜ್ಜಿಯನ್ನು ಓಡಿಸುವವನು ತಮ್ಮ, ಅಜ್ಜಿಯ ಕಾಲು ನೋಡುವವಳು ಅಕ್ಕ.

"ಬ್ರೇಕ್ ಹೇಗಿತ್ತೋ ನಿನ್ನೆ?"

"ಬಲಕ್ಕೆ ಎಳೀತಾ ಇತ್ತು. ನಾನು ಎಡಕ್ಕೆ ಎಳೀತಾ ಇದ್ದೆ. ಇಬ್ಬರೂ ಜಗಳ ಆಡ್ಕೊಂಡು ಹೇಗೋ ಮನೆ ಸೇರಿದ್ವಿ."

ಅವಳು ನಗಲಿಲ್ಲ. ಎಣ್ಣೆ ಕುಡಿದ ಬ್ರೇಕ್ ಲೈನರ್ ಹಿಡಿಯುವುದಿಲ್ಲ. ಒಂದು ಚಕ್ರ ನಿಲ್ಲುತ್ತದೆ, ಇನ್ನೊಂದು ಜಾರುತ್ತದೆ. ಶೆಡ್ಡಿನ ಗೇಟು ದಾಟಿದ ಕೂಡಲೇ ರಸ್ತೆ ಇಳಿಜಾರು. ಇಳಿಜಾರು ಮುಗಿಯುವ ತಿರುವಿನಲ್ಲಿ ಶಾಲೆ. ಆ ಶಾಲೆಯ ಒಂದನೆಯ ತರಗತಿಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ, ಅವಳ ಪುಟ್ಟಿ ಕೂರುತ್ತಾಳೆ.

ಅಷ್ಟರಲ್ಲಿ ಅಳಿಯಂದಿರು ಬಂದರು. ಶೆಡ್ಡಿನ ಯಜಮಾನರ ಅಳಿಯ. ಆರು ತಿಂಗಳಿಂದ ಅವರದೇ ಕಾರುಬಾರು. ಕೆಟ್ಟ ಮನುಷ್ಯರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟುಕೊಂಡು ಗ್ರೀಸಿನ ನಡುವೆ ಓಡಾಡುವ ಧೈರ್ಯವಂತರು, ಅಷ್ಟೆ. ಅವರು ಚಕ್ರ ನೋಡಿದರು, ನೆಲದ ಮೇಲಿನ ಕಲೆ ನೋಡಿದರು, ಕೊನೆಗೆ ಅವಳ ಕೈ ನೋಡಿದರು.

"ಮೂರು ಸೀಲು. ಒಂದೇ ಚಕ್ರ. ಒಂದೇ ಕೈ. ನೀನೇ ಹೇಳು, ತಪ್ಪೆಲ್ಲಿದೆ?"

"ಸೀಲಲ್ಲಿಲ್ಲ ಸಾರ್. ಕೈಯಲ್ಲೂ ಇಲ್ಲ."

"ಮತ್ತೆ ಗಾಳೀಲಿದೆಯಾ?"

ತಮ್ಮನಿಗೆ ನಗು ಬಂತು. ಅಕ್ಕ ತಿರುಗಿ ನೋಡಿದ ರಭಸಕ್ಕೆ ನುಂಗಿಕೊಂಡ.

"ನೋಡಮ್ಮ, ಬೇಜಾರು ಮಾಡ್ಕೋಬೇಡ. ಸೋಮವಾರ ದೊಡ್ಡ ವರ್ಕ್‌ಶಾಪಿಂದ ಒಬ್ಬ ಫಿಟ್ಟರ್ ಬರ್ತಾನೆ. ಚಕ್ರದ ಕೆಲಸ ಇನ್ಮೇಲೆ ಅವನು ನೋಡ್ಕೋತಾನೆ. ನೀನು ಲಾರಿ ತೊಳೆಯೋದು, ಶೆಡ್ ಗುಡಿಸೋದು ನೋಡ್ಕೊಂಡಿರು. ಕೆಲಸದಿಂದ ತೆಗೀತಾ ಇಲ್ವಲ್ಲ? ಇವತ್ತಿಗೆ ಇದಕ್ಕೊಂದು ಹೊಸ ಸೀಲು ಬಡಿದು ಕಳಿಸು. ನಾಲ್ಕು ಗಂಟೆಗೆ ನಾಲ್ಕು ಗಾಡಿಗೂ ಲೋಡ್ ಇದೆ." ಜೇಬಿನಿಂದ ಹೊಸ ಸೀಲಿನ ಡಬ್ಬಿ ತೆಗೆದು ಅವಳ ಮುಂದೆ ಹಿಡಿದರು.

"ಹಾಕಲ್ಲ ಸಾರ್."

"ಏನಂದೆ?"

"ಸೀಲ್ ಹಾಕಲ್ಲ. ಯಾಕೆ ಸೋರ್ತಿದೆ ಅಂತ ಗೊತ್ತಾಗೋವರೆಗೂ ನಾಲ್ಕನೇ ಸೀಲು ಈ ಚಕ್ರಕ್ಕೆ ಹೋಗಲ್ಲ. ಇವತ್ತು ಹಾಕಿದ್ರೆ ಇನ್ನು ಹದಿನೈದು ದಿನಕ್ಕೆ ಮತ್ತೆ ಸೋರತ್ತೆ. ಆಗ ಸೋಮವಾರದವನ ಕೈನೂ ಕೆಟ್ಟದು ಅಂತೀರಾ?"

ಅಳಿಯಂದಿರ ಮುಖ ಕೆಂಪಾಯಿತು. ಡಬ್ಬಿಯನ್ನು ಟೈರಿನ ಮೇಲೆ ಕುಕ್ಕಿ, "ನಾಲ್ಕು ಗಂಟೆ. ಅಷ್ಟರೊಳಗೆ ಅದು ಹೊರಗಿರ್ಬೇಕು. ಸೀಲು ನೀನು ಹಾಕ್ತೀಯೋ, ನಿನ್ನ ತಮ್ಮನೇ ಹಾಕ್ತಾನೋ, ನಂಗೆ ಗೊತ್ತಿಲ್ಲ," ಎಂದು ಆಫೀಸಿನ ಕಡೆ ನಡೆದರು.

"ನಾನು ಸ್ಟೇರಿಂಗ್ ಹಿಡಿಯೋನು," ಎಂದ ತಮ್ಮ ಗಾಳಿಗೆ. "ನಂಗ್ಯಾಕಪ್ಪ ಇದು?"

* * *

ಮನೆಯಲ್ಲಿ ಅವಳಂಥ ಅಂಜುಬುರುಕಿ ಇನ್ನೊಬ್ಬಳಿಲ್ಲ. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಮಲಗುವವಳಲ್ಲ. ಪುಟ್ಟಿ ಎರಡು ಸಲ ಕೆಮ್ಮಿದರೆ ಎದೆಗೆ ಕಿವಿಯಿಟ್ಟು ಕೂರುತ್ತಾಳೆ. ಗೇರ್ ಆಯಿಲಿನ ಕೈಯಲ್ಲಿ ಮಗುವನ್ನು ಮುಟ್ಟಿಬಿಟ್ಟೇನೋ ಎಂದು ಸೋಪು ಸವೆಯುವ ತನಕ ತೊಳೆಯುತ್ತಾಳೆ. ಅವಳ ಗಂಡ, "ನಿನ್ನ ಹೆದರಿಕೆಗೆ ಬಾಡಿಗೆ ಕೊಡೋ ಹಾಗಿದ್ರೆ ನಾವಿಷ್ಟು ಹೊತ್ತಿಗೆ ಮಹಡಿ ಕಟ್ತಿದ್ವಿ," ಎಂದು ರೇಗಿಸುತ್ತಾನೆ.

ಶೆಡ್ಡಿಗೆ ಅವಳು ಕಾಲಿಟ್ಟದ್ದೇ ಒಂದು ವಿಚಿತ್ರ. ಎಂಟು ವರ್ಷದ ಹಿಂದೆ ಅಲ್ಲಿ ಫಿಟ್ಟರ್ ಆಗಿದ್ದವನು ಅವಳ ಗಂಡ. ಜಾಕಿನಿಂದ ಲಾರಿ ಜಾರಿ ಅವನ ಬೆನ್ನು ಹೋಯಿತು. ಜೀವ ಉಳಿಯಿತು, ಬಗ್ಗುವುದು ಮಾತ್ರ ಮತ್ತೆ ಆಗಲಿಲ್ಲ. ಎರಡು ತಿಂಗಳಾದ ಮೇಲೆ ಯಜಮಾನರು ಶೆಡ್ಡಿನ ಸಾಮಾನಿನ ಪೆಟ್ಟಿಗೆ ವಾಪಸು ಕಳಿಸಿ ಎಂದು ಹೇಳಿಕಳಿಸಿದರು. ಪೆಟ್ಟಿಗೆ ಹೊತ್ತುಕೊಂಡು ಹೋದವಳು ಗೇಟಿನಲ್ಲಿ ನಿಂತಳು. "ಇಲ್ಲೇ ಇಡಮ್ಮ," ಎಂದರು ಯಜಮಾನರು. ಅವಳು ಇಡಲಿಲ್ಲ. "ನಮ್ಮನೆಯವರು ಹೇಳ್ತಾರೆ, ನಾನು ಮಾಡ್ತೀನಿ," ಎಂದಳು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ತಮಾಷೆಗೆಂದು ಒಂದು ಚಕ್ರ ತೋರಿಸಿದರು.

ಆ ಒಂದು ಚಕ್ರಕ್ಕೆ ಬೆಳಗಿನಿಂದ ಸಂಜೆಯಾಯಿತು. ಏಳು ಸಲ ಮನೆಗೆ ಓಡಿದಳು. "ನಟ್ಟು ಬಿಚ್ಚಿದೆ, ಆಮೇಲೆ?" "ಡ್ರಮ್ ಎಳೀಬೇಕು." ಮತ್ತೆ ಓಟ. "ಡ್ರಮ್ ಬರ್ತಾ ಇಲ್ಲ." "ಬರಲ್ಲ, ಹಿಂದಿನಿಂದ ತಟ್ಟು. ಪೆಟ್ಟಲ್ಲ, ತಟ್ಟು." ಎಂಟನೆಯ ಸಲ ಓಡುವ ಅಗತ್ಯ ಬೀಳಲಿಲ್ಲ. ಆ ಚಕ್ರ ಮುಂದೆ ಎರಡು ವರ್ಷ ತೊಟ್ಟು ಎಣ್ಣೆ ಕೂಡ ಬಿಡಲಿಲ್ಲ.

ಹಾಗೆಂದು ಲಾರಿಯ ಕೆಳಗೆ ಅವಳ ಹೆದರಿಕೆ ಹೋಗಿತ್ತೆಂದಲ್ಲ. ಜಾಕ್ ಏರಿಸಿದ ಮೇಲೆ ಎರಡು ಮರದ ದಿಮ್ಮಿ ಕೊಡುತ್ತಾಳೆ, ಕೊಟ್ಟ ಮೇಲೆ ಒದ್ದು ನೋಡುತ್ತಾಳೆ, ನೋಡಿದ ಮೇಲೂ ಇನ್ನೊಂದು ದಿಮ್ಮಿ ಹುಡುಕುತ್ತಾಳೆ. ಬೇರಿಂಗ್ ತೊಳೆದರೆ ಒಂದೊಂದು ಉರುಳೆಯನ್ನೂ ಬೆಳಕಿಗೆ ಹಿಡಿಯುತ್ತಾಳೆ. ಬೇರೆಯವರು ಒಂದು ಚಕ್ರ ಮುಗಿಸುವ ಹೊತ್ತಿಗೆ ಅವಳದು ಅರ್ಧ. ಆದರೆ ಅವಳು ಮುಗಿಸಿದ ಚಕ್ರ ಮುಗಿದ ಹಾಗೆ. ಎಂಟು ವರ್ಷ ಅದೊಂದೇ ಮಾತು ಅವಳ ಬೆನ್ನ ಹಿಂದೆ ನಿಂತಿತ್ತು. ಈಗ ಅದೇ ಮಾತು ಸೋರುತ್ತಿತ್ತು.

* * *

ಅಳಿಯಂದಿರು ಆಫೀಸಿಗೆ ಹೋದ ಮೇಲೆ ಬೆಳಿಗ್ಗೆಯೆಲ್ಲ ಅವಳು ಅಜ್ಜಿಯ ಕಾಲು ಬಿಚ್ಚಿ ಹರಡಿಕೊಂಡಳು. ಸೀಲು ಕೂರುವ ಉಕ್ಕಿನ ಮೈಮೇಲೆ ಹೆಬ್ಬೆರಳಿನ ಉಗುರು ಎಳೆದಳು. ಅಲ್ಲಿ ಗೀರು ಬಿದ್ದಿದ್ದರೆ ಉಗುರು ತಟಕ್ಕೆಂದು ತಡೆಯಬೇಕು. ತಡೆಯಲಿಲ್ಲ, ಗಾಜಿನ ಮೇಲೆ ಎಳೆದ ಹಾಗೆ ಹೋಯಿತು. ಬೇರಿಂಗ್ ತಿರುಗಿಸಿದಳು, ರೇಷ್ಮೆ. ಹಬ್ಬು ಅಲ್ಲಾಡುತ್ತಿತ್ತೇ? ಬಿಚ್ಚುವ ಮುಂಚೆ ಚಕ್ರ ಹಿಡಿದು ಅಲ್ಲಾಡಿಸಿ ನೋಡಿಯೇ ಇದ್ದಳು, ಇರಬೇಕಾದಷ್ಟೇ ಇತ್ತು.

ಎಲ್ಲ ಸರಿ. ಎಲ್ಲ ಸರಿ ಇದ್ದೂ ಎಣ್ಣೆ ಹೊರಗೆ ಬರುತ್ತಿತ್ತು. ಎಲ್ಲ ಸರಿಯಿದೆ ಎಂದರೆ ಉಳಿದದ್ದು ಕೈಯೇ ಅಲ್ಲವೇ? ಒಂದು ಕ್ಷಣ ಅವಳಿಗೂ ಹಾಗೇ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಆ ಮೂರನೆಯ ಸೀಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಮೊದಲಿನ ಎರಡು ಮನೆಯಲ್ಲೇ ಇದ್ದವು. ಪಾತ್ರೆಯ ಕಪಾಟಿನ ಮೇಲೆ, ಪೇಪರಿನಲ್ಲಿ, ಮೇಲೆ ತಾರೀಕು ಬರೆದು. ಮೂರನ್ನೂ ಗಂಡನ ತೊಡೆಯ ಮೇಲೆ ಸುರಿದಳು. ಅವನು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಅಕ್ಕಿ ಆರಿಸುತ್ತ ಕೂತಿದ್ದ.

"ಊಟಕ್ಕೆ ಕರೆದ್ರೆ ಒಡವೆ ತೋರಿಸ್ತಾಳೆ ನೋಡು," ಎಂದ.

"ಮೊದಲು ನೋಡಿ ರೀ. ನಾನು ವಾರೆ ಬಡಿದಿದೀನಾ ಹೇಳಿ. ಸುಳ್ಳು ಹೇಳ್ಬೇಡಿ, ಸಮಾಧಾನ ಮಾಡ್ಬೇಡಿ."

ಅವನು ಮೊರ ಪಕ್ಕಕ್ಕಿಟ್ಟ. ಒಂದೊಂದು ಸೀಲಿನ ರಬ್ಬರ್ ತುಟಿಯ ಮೇಲೂ ಬೆರಳ ತುದಿ ಸುತ್ತಿಸಿದ. ಬಹಳ ಹೊತ್ತು ಸುತ್ತಿಸಿದ.

"ವಾರೆ ಕೂತಿದ್ರೆ ಒಂದು ಕಡೆ ಸವೆದು ಇನ್ನೊಂದು ಕಡೆ ಹೊಸದಾಗಿರ್ಬೇಕಿತ್ತು. ಇವು ಸುತ್ತಲೂ ಒಂದೇ ಸಮ. ಚೆನ್ನಾಗಿ ಕೂರ್ಸಿದೀಯ ಕಣೇ. ನನಗಿಂತ ಚೆನ್ನಾಗಿ."

"ಹಾಗಾದ್ರೆ ಯಾಕೆ?"

"ನೀನು ಚಕ್ರ ಬಿಚ್ಚಿ ನೋಡಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ."

"ಹೋದ ಸಲ?"

"ಅವತ್ತೂ ಬೆಳಿಗ್ಗೆನೇ. ಗಾಡಿ ಸಂಜೆ ಬರತ್ತೆ, ರಾತ್ರಿ ನಿಂತಿರತ್ತೆ, ಬೆಳಿಗ್ಗೆ ಬಿಚ್ತೀವಿ. ಸುಡೋ ಡ್ರಮ್ ಯಾರು ಮುಟ್ತಾರೆ? ಅದು ನೀವು ಇದ್ದಾಗಿಂದ ಬಂದಿರೋ ಪದ್ಧತಿ ತಾನೇ?"

"ನನ್ನ ಪದ್ಧತಿ ಕಟ್ಕೊಂಡು ಏನು ಮಾಡ್ತೀಯ, ನನ್ನ ಬೆನ್ನು ನೋಡಿದೀಯಲ್ಲ," ಎಂದು ಅವನು ನಕ್ಕ. ಆಮೇಲೆ ನಗು ಬಿಟ್ಟು, "ಹೋದ ವರ್ಷ ಪುಟ್ಟಿಗೆ ಜ್ವರ ಬಂದಿತ್ತಲ್ಲ. ರಾತ್ರಿ ಕೆಂಡ, ಬೆಳಿಗ್ಗೆ ಡಾಕ್ಟರ ಹತ್ರ ಹೋದ್ರೆ ತಣ್ಣಗೆ. ಮಗು ಚೆನ್ನಾಗಿದೆ, ನಿಮಗೇ ಗಾಬರಿ ಅಂದ್ರು. ನೀನು ಏನು ಮಾಡ್ದೆ?" ಎಂದ.

"ಜ್ವರ ಬರೋವರೆಗೂ ಏಳಲ್ಲ ಅಂತ ಅಲ್ಲೇ ಬೆಂಚ್ ಮೇಲೆ ಕೂತೆ."

"ಸಂಜೆ ಆರಕ್ಕೆ ಬಂತು. ಡಾಕ್ಟ್ರು ಓಡಿ ಬಂದ್ರು."

ಮೂರನೆಯ ಸೀಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಎದ್ದೇಬಿಟ್ಟಳು. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. "ಎರಡು ತುತ್ತು ತಿಂದು ಹೋಗೇ!" ಎಂದು ಅವನು ಕೂಗಿದ್ದು ಓಣಿಯ ತುದಿಯವರೆಗೂ ಕೇಳಿಸಿತು. ಅವಳಿಗೆ ಕೇಳಿಸಲಿಲ್ಲ.

* * *

ಅಳಿಯಂದಿರು ಊಟಕ್ಕೆ ಹೋಗಿದ್ದರು. ಕೇಳಿದರೆ ಬೇಡ ಎನ್ನುತ್ತಾರೆ, ಕೇಳದೆ ಹೋದರೆ ಬಯ್ಯುತ್ತಾರೆ. ಬಯ್ಯಿಸಿಕೊಳ್ಳುವುದೇ ವಾಸಿ ಎಂದುಕೊಂಡಳು. ಹೊಸ ಸೀಲಿನ ಡಬ್ಬಿ ಟೈರಿನ ಮೇಲೆ ಇಟ್ಟಲ್ಲೇ ಇತ್ತು. ಅದನ್ನು ಮುಟ್ಟದೆ, ಸೋರಿದ ಹಳೆಯ ಸೀಲನ್ನೇ ಒರೆಸಿ ವಾಪಸು ಕೂರಿಸಿದಳು. ಎಣ್ಣೆ ಕುಡಿದ ಬ್ರೇಕ್ ಶೂ ತೆಗೆದು ಮೂಲೆಯಲ್ಲಿದ್ದ ಒಣ ಜೋಡಿ ಕಟ್ಟಿದಳು.

"ಅಕ್ಕ, ಕೆಟ್ಟಿರೋ ಸೀಲನ್ನೇ ಮತ್ತೆ ಹಾಕ್ತಿದೀಯ. ಬಿಸಿಲು ತಲೆಗೆ ಹತ್ತಿದೆಯಾ?"

"ನಿಂಗೆ ಹತ್ಬೇಕಾಗಿರೋದು ಗಾಡಿ, ಹತ್ತು. ಅರ್ಧ ಲೋಡ್ ಜಲ್ಲಿ ಇರ್ಲಿ. ಇಳಿಜಾರಿಗೆ ಬೇಡ, ಹಿಂದಿನ ಗೇಟಿಂದ ಹೊರವಲಯದ ಸಮ ರಸ್ತೆಗೆ ನಡಿ. ಒಂದು ಗಂಟೆ ಓಡಿಸು, ಅಜ್ಜಿಗೆ ಜ್ವರ ಬರಿಸು."

"ಅಜ್ಜಿಗೆ ಜ್ವರ ಬಂದ್ರೆ ಅಳಿಯಂದಿರಿಗೆ ಚಳಿಜ್ವರ," ಎಂದು ಗೊಣಗಿಕೊಂಡೇ ತಮ್ಮ ಗೇರ್ ಹಾಕಿದ. ಅವಳು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು; ಎದುರಿಗೆ ಸೈಕಲ್ ಬಂದರೂ, "ನಿಧಾನ ಕಣೋ, ನಿಧಾನ!"

ಮೂರೂವರೆಗೆ ವಾಪಸು ಬಂದು ಅಜ್ಜಿ ನಿಂತಾಗ ಹಿಂದಿನ ಹೌಸಿಂಗ್, ಎರಡು ಚಕ್ರಗಳ ನಡುವಿನ ಆ ದಪ್ಪ ಉಕ್ಕಿನ ಹೊಟ್ಟೆ, ಮುಟ್ಟಲಾಗದಷ್ಟು ಕಾದಿತ್ತು. ಗ್ರೀಸಕ್ಕ ದಿಮ್ಮಿ ಕೊಟ್ಟು, ಒದ್ದು ನೋಡಿ, ಕೆಳಗೆ ತೂರಿದಳು. ಎಣ್ಣೆ ತುಂಬುವ ಬಿರಟೆಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದಳು. ಅರ್ಧ ಸುತ್ತು.

ಬುಸ್ಸ್ ಎಂದಿತು.

ಬಿಸಿ ಎಣ್ಣೆಯ ನಾಲ್ಕು ಹನಿ ಅವಳ ಕೆನ್ನೆಗೆ ಸಿಡಿದವು. ತಮ್ಮ ಚಂಗನೆ ಹಿಂದಕ್ಕೆ ಹಾರಿ, "ಅಕ್ಕಾ, ಹಾವು!" ಎಂದ.

"ಹಾವಲ್ಲ ಕಣೋ! ಗಾಳಿ! ಒಳಗೆ ಗಾಳಿ ತುಂಬ್ಕೊಂಡಿದೆ!" ಲಾರಿಯ ಕೆಳಗಿನಿಂದ ಅವಳ ದನಿ ಮದುವೆ ಮನೆಯ ದನಿಯಾಗಿತ್ತು.

ಎಣ್ಣೆ ಕಾದರೆ ಒಳಗಿನ ಗಾಳಿ ಉಬ್ಬುತ್ತದೆ. ಉಬ್ಬಿದ ಗಾಳಿ ಹೊರಗೆ ಹೋಗಲೆಂದು ಹೌಸಿಂಗಿನ ನೆತ್ತಿಯ ಮೇಲೆ ಬೆರಳಿನ ಗಾತ್ರದ ಒಂದು ಸಣ್ಣ ಕೊಳವೆ, ಅದರ ಮೇಲೆ ಸಡಿಲವಾಗಿ ತಿರುಗುವ ಒಂದು ಟೋಪಿ ಇರುತ್ತದೆ. ಬ್ರೀದರ್. ಅದು ಕಟ್ಟಿಕೊಂಡರೆ ಗಾಳಿ ಎಲ್ಲಿಗೆ ಹೋಗಬೇಕು? ಎಣ್ಣೆಯನ್ನು ಮುಂದೆ ತಳ್ಳಿಕೊಂಡು, ಎಲ್ಲಿ ದಾರಿ ಸಿಕ್ಕೀತೋ ಅಲ್ಲಿಗೆ. ರಸ್ತೆ ಅಂಚಿನ ಕಡೆ ವಾಲಿರುವುದರಿಂದ ಎಣ್ಣೆ ಸೇರುವುದು ಎಡಕ್ಕೆ. ಎಡ ಚಕ್ರದ ಸೀಲು ಎಷ್ಟು ಹೊಸದಾದರೇನು, ಒಳಗಿನಿಂದ ದಿನಾ ಊದಿದರೆ ತುಟಿ ಬಿಡಲೇಬೇಕು. ರಾತ್ರಿ ತಣ್ಣಗಾದರೆ ಎಲ್ಲ ಗಪ್‌ಚುಪ್. ಬೆಳಿಗ್ಗೆ ಬಿಚ್ಚಿದವರಿಗೆ ಏನೂ ಕಾಣದು.

ಅವಳು ಕೈ ಮೇಲೆ ಚಾಚಿ ಬ್ರೀದರಿಗಾಗಿ ತಡಕಿದಳು. ಟೋಪಿ ಸಿಕ್ಕಿತು. ತಿರುಗಲಿಲ್ಲ. ಜಪ್ಪಯ್ಯ ಎಂದರೂ ತಿರುಗಲಿಲ್ಲ. ಟಾರ್ಚ್ ಹಿಡಿದಳು.

ಟೋಪಿ, ಕೊಳವೆ, ಸುತ್ತಲಿನ ಉಕ್ಕು ಎಲ್ಲ ಒಂದೇ ಮುದ್ದೆಯಾಗಿ ಹೊಳೆಯುತ್ತಿತ್ತು. ಕರೀ ಬಣ್ಣ. ದಪ್ಪಗೆ, ನುಣ್ಣಗೆ, ಎರಡು ಕೋಟು.

ಆ ಶೆಡ್ಡಿನಲ್ಲಿ ಎರಡು ಕೋಟು ಬಣ್ಣ ಹೊಡೆಯುವವಳು ಒಬ್ಬಳೇ.

ಎರಡು ತಿಂಗಳ ಹಿಂದೆ, ಲಾರಿಗಳನ್ನು ಸರ್ಕಾರಿ ತಪಾಸಣೆಗೆ ಒಯ್ಯುವ ಹಿಂದಿನ ದಿನ, ಅಳಿಯಂದಿರ ಅಪ್ಪಣೆಯಾಗಿತ್ತು: ಕೆಳಮೈ ಕೂಡ ಕನ್ನಡಿಯಾಗಬೇಕು, ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರೆ ಅವರ ಮುಖ ಅವರಿಗೇ ಕಾಣಬೇಕು. ಉಳಿದವರು ಚಾಸಿಯ ಚೌಕಟ್ಟಿಗೆ ಒಂದು ಕೈ ಬಳಿದು ಬೀಡಿ ಸೇದಲು ಹೋದರು. ನಾಲ್ಕೂ ಲಾರಿಯ ಹಿಂದಿನ ಹೌಸಿಂಗ್ ಅವಳ ಪಾಲಿಗೆ ಬಂತು. ಅವಳು ಸಂದಿ ಬಿಡಲಿಲ್ಲ, ಗೊಂದಿ ಬಿಡಲಿಲ್ಲ. ಈ ಟೋಪಿಯ ಸುತ್ತ ಕುಂಚವನ್ನು ಸುತ್ತಿ ಸುತ್ತಿ ಆಡಿಸಿದ್ದು ಅವಳಿಗೆ ಈಗಲೂ ಕೈಯಲ್ಲಿ ನೆನಪಿತ್ತು. ಎಷ್ಟು ಚೆನ್ನಾಗಿ ಬಂತು ಎಂದು ಹಿಂದೆ ಸರಿದು ನೋಡಿದ್ದೂ ನೆನಪಿತ್ತು. ಮೊದಲ ಸೀಲು ಸೋರಿದ್ದು ಅದಾಗಿ ಹನ್ನೆರಡನೆಯ ದಿನ.

"ಏನಾಯ್ತಕ್ಕ?"

ಅವಳು ಬೆನ್ನಡಿಯ ರಟ್ಟಿನ ಮೇಲೆ ಅಂಗಾತ ಮಲಗಿಯೇ ಇದ್ದಳು. ಯಾರಿಗೂ ಗೊತ್ತಿಲ್ಲ. ಟಾರ್ಚ್ ಅವಳ ಕೈಯಲ್ಲಿ, ಬಣ್ಣ ಅವಳ ಕಣ್ಣೆದುರು, ತಮ್ಮ ಹೊರಗೆ. ಸ್ಕ್ರೂಡ್ರೈವರಿನಲ್ಲಿ ಎರಡು ಸಲ ಕೆರೆದರೆ ಮುಗಿಯಿತು. ಹೊಸ ಸೀಲು ಕೂರಿಸಬಹುದು, ಚಕ್ರ ಇನ್ನು ಎರಡು ವರ್ಷ ಸೋರದು. ಆಗ ಅಳಿಯಂದಿರು ಏನನ್ನುತ್ತಾರೆ? "ನೋಡಿದ್ಯಾ, ಈ ಸಲ ನೆಟ್ಟಗೆ ಬಡಿದೆ." ಅಂದರೆ ಮೊದಲಿನ ಮೂರನ್ನು ಸೊಟ್ಟ ಬಡಿದಿದ್ದಳೆಂದೇ ಲೆಕ್ಕ. ಬಾಯಿ ಬಿಟ್ಟರೆ ಬಣ್ಣದ ತಪ್ಪು. ಬಾಯಿ ಮುಚ್ಚಿದರೆ ಸೀಲಿನ ತಪ್ಪು. ಬಣ್ಣದ್ದು ಅವಳು ಮಾಡಿದ್ದು. ಸೀಲಿನದು ಮಾಡದೇ ಇದ್ದದ್ದು. ಮಾಡದ ತಪ್ಪನ್ನು ಹೊತ್ತುಕೊಂಡು ಪೊರಕೆ ಹಿಡಿಯುವುದಕ್ಕಿಂತ, ಮಾಡಿದ್ದನ್ನು ಹೇಳಿ ಏನು ಬರುತ್ತದೋ ಬರಲಿ.

"ಲೋ, ಹೋಗಿ ಅಳಿಯಂದಿರನ್ನ ಕರ್ಕೊಂಡು ಬಾ. ಆಫೀಸಲ್ಲಿರ್ಬೇಕು. ಬರಲ್ಲ ಅಂದ್ರೆ, ಸೀಲು ಯಾಕೆ ಸೋರ್ತಿತ್ತು ಅಂತ ಗೊತ್ತಾಗಿದೆಯಂತೆ ಅನ್ನು."

* * *

ಅಳಿಯಂದಿರು ಬಂದರು. ಅವರ ಹಿಂದೆ, ಕರೆಯದಿದ್ದರೂ, ಉಳಿದ ಮೂರು ಡ್ರೈವರುಗಳು ಬಂದರು. ಆ ಮೂರು ಲಾರಿಗಳೂ ಆಗಷ್ಟೇ ಕ್ವಾರಿಯಿಂದ ಜಲ್ಲಿ ತುಂಬಿಕೊಂಡು ಬಂದು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದವು.

"ಸೀಲ್ ಹಾಕಿದ್ಯಾ?"

"ಇಲ್ಲ ಸಾರ್. ಬಗ್ಗಿ ನೋಡಿ."

"ಬಾಯಲ್ಲಿ ಹೇಳು."

"ಬಾಯಲ್ಲಿ ಹೇಳಿದ್ರೆ ನಂಬಲ್ಲ. ಬಗ್ಗಿ ಸಾರ್, ಅಂಗಿ ತೊಳೆದ್ರೆ ಹೋಗತ್ತೆ."

ಅವರು ಬಗ್ಗಿದರು. ಅವಳು ಟಾರ್ಚ್ ಹಿಡಿದು ಗಾಳಿಯ ಕತೆಯನ್ನು ಮೊದಲಿನಿಂದ ಹೇಳಿದಳು. ಹೇಳಿ, ಸ್ಕ್ರೂಡ್ರೈವರಿನ ತುದಿಯಿಂದ ಬಣ್ಣ ಕೆರೆದಳು. ಕರೀ ಸಿಪ್ಪೆ ಉದುರಿತು. ಟೋಪಿ ಒಂದು ಸಲ ಕಿರ್ರೆಂದು, ಆಮೇಲೆ ಸಲೀಸಾಗಿ ತಿರುಗಿತು.

"ಇದಕ್ಕೆ ಬಣ್ಣ ಬಳಿದ ಕತ್ತೆ ಯಾವುದು?" ಎಂದರು ಅಳಿಯಂದಿರು.

"ನಾನೇ ಸಾರ್."

ಡ್ರೈವರುಗಳಲ್ಲಿ ಒಬ್ಬ ಕೆಮ್ಮಿದ. ತಮ್ಮ ಹಣೆ ಚಚ್ಚಿಕೊಂಡ. ಅಳಿಯಂದಿರು ನಿಧಾನವಾಗಿ ನೆಟ್ಟಗಾದರು. ಅವರ ಮುಖದಲ್ಲಿ ಬೆಳಗಿನಿಂದ ಕಾಣದಿದ್ದ ಒಂದು ಸಮಾಧಾನ ಬಂತು.

"ಅಲ್ಲಿಗೆ ನಾನು ಹೇಳಿದ್ದೇ ಆಯ್ತಲ್ಲ. ಕೈ ನಿಂದೇ."

"ಬಣ್ಣ ಹೊಡೆದ ಕೈ ನಂದೇ. ಇಲ್ಲ ಅಂದವರ್ಯಾರು? ಬೆಳಿಗ್ಗೆ ನೀವು ಹೇಳಿದ್ದು ಅದಲ್ಲ. ಸೀಲು ಬಡಿಯೋಕೆ ಬರಲ್ಲ ಅಂದ್ರಿ. ಅದು ಸುಳ್ಳು. ಎರಡು ಸೀಲು ಮನೇಲಿವೆ, ಮೂರನೇದು ಈ ಚಕ್ರದಲ್ಲೇ ಇದೆ, ಸೋಮವಾರದವನಿಗೇ ತೋರಿಸಿ, ಅವನೇ ಹೇಳ್ಲಿ. ಇದಕ್ಕೆ ಬಯ್ಯಿರಿ, ಬಯ್ಯಿಸ್ಕೋತೀನಿ. ಅದಕ್ಕೆ ಬಯ್ದ್ರೆ ಬಯ್ಯಿಸ್ಕೊಳಲ್ಲ."

"ಮಾತಿಗೇನು ಕಮ್ಮಿ ಇಲ್ಲ. ಸರಿ, ಟೈಮಾಯ್ತು, ಮಿಕ್ಕಿದ್ದು ಆಮೇಲೆ. ಅಜ್ಜಿ ಇವತ್ತು ಇಲ್ಲೇ ಬಿದ್ದಿರ್ಲಿ. ಏಯ್, ನೀವು ಮೂರು ಜನ ಹೊರಡಿ."

ಡ್ರೈವರುಗಳು ಲಾರಿ ಹತ್ತಿದರು. ಮೊದಲನೆಯ ಇಂಜಿನ್ ಗುರುಗುಟ್ಟಿತು. ಆ ಸದ್ದಿಗೆ ಗ್ರೀಸಕ್ಕನ ತಲೆಯಲ್ಲಿ ಏನೋ ಕಳಚಿ ಬಿದ್ದ ಹಾಗಾಯಿತು. ನಾಲ್ಕೂ ಹೌಸಿಂಗ್. ನಾಲ್ಕಕ್ಕೂ ಎರಡು ಕೋಟು. ಅಜ್ಜಿ ಮುದುಕಿ, ಮೊದಲು ಅತ್ತಳು, ಅಷ್ಟೇ. ಈ ಮೂರರ ಸೀಲು ಇವತ್ತೋ ನಾಳೆಯೋ. ಶಾಲೆ ಬಿಡುವುದು ನಾಲ್ಕಕ್ಕೆ.

ಓಡಿದಳು. ಗೇಟಿನ ಎರಡೂ ರೆಕ್ಕೆ ಎಳೆದು, ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಮೊದಲನೆಯ ಲಾರಿಯ ಬಂಪರ್ ಅವಳ ಸೊಂಟದಿಂದ ಮೂರಡಿ ದೂರಕ್ಕೆ ಬಂದು ನಿಂತಿತು. ಅವಳು ಪಕ್ಕಕ್ಕೆ ಸರಿಯಲಿಲ್ಲ.

"ಗೇಟ್ ತೆಗಿ!" ಅಳಿಯಂದಿರು ಓಡಿ ಬಂದರು. "ತಲೆ ಕೆಟ್ಟಿದೆಯಾ ನಿಂಗೆ? ಗಾಡಿ ನಿಲ್ಸೋಕೆ ನೀನ್ಯಾರು?"

"ಬಣ್ಣ ಹೊಡೆದವಳು."

ಅವರು ಸಾಲಾಗಿ ನಿಂತಿದ್ದ ಲಾರಿಗಳ ಕಡೆ ತಿರುಗಿದರು.

"ಇವಕ್ಕೂ?"

"ಇವಕ್ಕೂ. ನಂಬಿಕೆ ಇಲ್ದಿದ್ರೆ ನೀವೇ ನೋಡಿ." ಅವಳು ಸ್ಪ್ಯಾನರನ್ನು ಅವರ ಕೈಗೆ ತುರುಕಿದಳು. "ಕ್ವಾರಿಯಿಂದ ಬಂದಿವೆ, ಇನ್ನೂ ಬಿಸಿ ಇವೆ. ಬಿರಟೆ ಹಿಂದೆ, ಮಧ್ಯದಲ್ಲಿದೆ. ಅರ್ಧ ಸುತ್ತು ಸಾಕು. ಮುಖ ಪಕ್ಕಕ್ಕಿಟ್ಕೊಳ್ಳಿ."

ನೋಡುವವರಿರುವಾಗ ಸ್ಪ್ಯಾನರ್ ವಾಪಸು ಕೊಡುವುದು ಅಳಿಯಂದಿರಿಂದ ಆಗಲಿಲ್ಲ. ಡ್ರೈವರ್ ಇಂಜಿನ್ ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದ. ತಮ್ಮ ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಅಕ್ಕ ಹೇಳುವ ಮುಂಚೆಯೇ ಕೊಟ್ಟ. ಅಳಿಯಂದಿರು ಹಿಂದೆ ಹೋಗಿ ಮೊಣಕಾಲೂರಿ, ತೂರಿ, ಸ್ಪ್ಯಾನರ್ ಹಾಕಿ ಎಳೆದರು.

ಬುಸ್ಸೆಂದದ್ದು ಗೇಟಿನವರೆಗೂ ಕೇಳಿಸಿತು.

ಅವರು ಹೊರಗೆ ಬಂದಾಗ ಬಿಳಿ ಅಂಗಿಯ ಎದೆಯ ತುಂಬ ಕಂದು ಚುಕ್ಕೆ. ತಮ್ಮ ಆಕಾಶ ನೋಡುತ್ತ ನಿಂತ. ಅಳಿಯಂದಿರು ಅಂಗಿ ನೋಡಿಕೊಂಡರು, ಇಳಿಜಾರಿನ ಕಡೆ ನೋಡಿದರು, ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದವಳನ್ನು ನೋಡಿದರು.

"ಎಷ್ಟು ಹೊತ್ತು ಬೇಕು ನಿಮಗೆ?"

"ಬಣ್ಣ ಕೆರೆಯೋಕೆ ಒಂದೊಂದಕ್ಕೆ ಕಾಲು ಗಂಟೆ. ಚಕ್ರದ ಒಳಗಡೆ ತೇವ ಇದೆಯಾ ಅಂತ ನೋಡೋಕೆ ಇನ್ನೊಂದು ಕಾಲು ಗಂಟೆ. ತೇವ ಇದ್ರೆ ಆ ಗಾಡಿ ಇವತ್ತು ಹೋಗಲ್ಲ."

"ಲೋಡಿನವರು ಕಾಯ್ತಾರೆ..."

"ಕಾಯ್ಲಿ."

ಅವರು ಡ್ರೈವರುಗಳ ಕಡೆ ತಿರುಗಿ, ಇಳಿಯಿರಿ ಎಂಬಂತೆ ಕೈಯಾಡಿಸಿದರು. ಒಂದೊಂದಾಗಿ ಇಂಜಿನ್‌ಗಳು ನಿಂತವು. ಗ್ರೀಸಕ್ಕ ರಟ್ಟು ಎಳೆದುಕೊಂಡು ಮೊದಲನೆಯ ಲಾರಿಯ ಕೆಳಗೆ ಅರ್ಧ ಹೋಗಿದ್ದಳು. ಮೇಲಿನಿಂದ ಅವರ ದನಿ ಬಂತು.

"ಸೋಮವಾರದವನಿಗೆ ಬರ್ಬೇಡ ಅಂತ ಫೋನ್ ಮಾಡ್ತೀನಿ."

ಅವಳು ತಲೆ ಹೊರಗೆ ಹಾಕಿದಳು. ಕೆನ್ನೆಯ ಮೇಲೆ ನಾಲ್ಕು ಸುಟ್ಟ ಚುಕ್ಕೆ ಕೆಂಪಗಾಗಿದ್ದವು.

"ಯಾಕೆ ಸಾರ್, ಬರ್ಲಿ. ನಾಲ್ಕು ಗಾಡಿಗೆ ನಂದೊಂದೇ ಜೀವ, ಇನ್ನೊಬ್ರು ಬೇಕೇಬೇಕು. ಬರ್ಲಿ. ಆದ್ರೆ ಬಂದವನು ನಾನು ಹೇಳಿದ ಹಾಗೆ ಕೇಳ್ಬೇಕು. ಅದನ್ನ ಫೋನಲ್ಲೇ ಹೇಳ್ಬಿಡಿ."

ಉತ್ತರಕ್ಕೆ ಕಾಯದೆ ಅವಳು ಮತ್ತೆ ಕೆಳಗೆ ತೂರಿದಳು. ಬಣ್ಣ ಕೆರೆಯುವ ಸದ್ದು ಶುರುವಾಯಿತು.